ಬೇಗ ಬೆಸೆದ ಬುರುಡೆ, ತಡವಾಗಿ ಕಲಿಯುವ ಮಗು: ಮೆದುಳಿನ ಚಿತ್ರ ಹೇಳುವುದೇನು?

ಹಸುಗೂಸಿನ ತಲೆಗೆ ಎಣ್ಣೆ ಹಚ್ಚಿದ ಕೈಗಳಿಗೆಲ್ಲ ನೆತ್ತಿಯ ಮೆತ್ತನೆಯ ಭಾಗದ ಪರಿಚಯವಿರುತ್ತದೆ. ಬೆರಳಿಟ್ಟರೆ ಅಲ್ಲಿ ನಾಡಿಯ ಮಿಡಿತ ತಿಳಿಯುತ್ತದೆ. ನೆತ್ತಿ ಕೂಡಿತೇ ಇಲ್ಲವೇ ಎಂದು ವಿಚಾರಿಸುವುದು ನಮ್ಮ ಮನೆಗಳ ಹಿರಿಯರ ವಾಡಿಕೆ. ಬೇಗ ಕೂಡಿದರೆ ಮಗು ಗಟ್ಟಿಯಾಯಿತೆಂದು ಸಂತೋಷಪಡುವವರೂ ಉಂಟು. ಆದರೆ ತಲೆಬುರುಡೆ ಗಟ್ಟಿಯಾಗುವುದಕ್ಕೂ ಒಂದು ಕಾಲವಿದೆ. ಆ ಕಾಲಕ್ಕೆ ಮುಂಚೆಯೇ ಬುರುಡೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡರೆ ಆ ಸ್ಥಿತಿಯನ್ನು ವೈದ್ಯರು ಕ್ರೇನಿಯೋಸಿನೋಸ್ಟೋಸಿಸ್ ಎಂದು ಕರೆಯುತ್ತಾರೆ. ಹುಟ್ಟುವ ಸುಮಾರು 2000ದಿಂದ 2500 ಮಕ್ಕಳಲ್ಲಿ ಒಂದು ಮಗುವಿಗೆ ಇದು ಇರುತ್ತದೆ. ಅಂಥ ಮಗುವಿನ ನಡೆ, ನುಡಿ, ಗ್ರಹಿಕೆಗಳಲ್ಲಿಯೂ ವಿಳಂಬ ಕಂಡುಬಂದಾಗ ತಂದೆ-ತಾಯಿಯರ ಕೈಗೆ ಸ್ಕ್ಯಾನಿನ ಚೀಟಿ ಬರುತ್ತದೆ. ಸಿ.ಟಿ. ಏಕೆ, ಎಂ.ಆರ್.ಐ. ಏಕೆ, ಎರಡೂ ಬೇಕೇ, ಅದರಲ್ಲಿ ಏನು ಕಂಡರೆ ಏನರ್ಥ ಎಂದು ಕೇಳಲು ಆಸ್ಪತ್ರೆಯ ಸರದಿಯಲ್ಲಿ ಅವಕಾಶ ಸಿಗುವುದು ಕಡಿಮೆ. ಈ ಸಂಚಿಕೆಯಲ್ಲಿ ಆ ಪ್ರಶ್ನೆಗಳನ್ನೇ ನಾವು ಎತ್ತಿಕೊಂಡಿದ್ದೇವೆ.

ನವಜಾತ ಶಿಶುವಿನ ತಲೆಬುರುಡೆ ಮಡಕೆಯಂತೆ ಒಂದೇ ಚಿಪ್ಪಿನದಲ್ಲ. ಹಣೆಯಲ್ಲಿ ಎರಡು, ನೆತ್ತಿಯ ಎರಡು ಪಕ್ಕಗಳಲ್ಲಿ ಎರಡು, ಹಿಂದಲೆಯಲ್ಲಿ ಒಂದು, ಕಿವಿಗಳ ಬಳಿ ಎರಡು ಹೀಗೆ ಹಲವು ಫಲಕಗಳು ಸೇರಿ ಅದು ಆಗಿದೆ. ಈ ಫಲಕಗಳ ನಡುವೆ ನಾರಿನಂತಹ ಅಂಗಾಂಶದ ಸಂದುಗಳಿವೆ. ನೋಡಲು ಬಟ್ಟೆಯ ಹೊಲಿಗೆಯಂತಿರುವುದರಿಂದ ಇವುಗಳನ್ನು ಹೊಲಿಗೆಗಳೆಂದೇ ಕರೆಯೋಣ. ಹಣೆಯ ನಡುವೆ ಇಳಿಯುವುದು ಹಣೆಯ ಹೊಲಿಗೆ. ನೆತ್ತಿಯ ಮೇಲೆ ಮುಂದಿನಿಂದ ಹಿಂದಕ್ಕೆ ಸಾಗುವುದು ನಡುಹೊಲಿಗೆ. ಕಿರೀಟವಿಡುವ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವುವು ಕಿರೀಟ ಹೊಲಿಗೆಗಳು. ಹಿಂದಲೆಯಲ್ಲಿರುವ ಎರಡು ಹಿಂಬದಿಯ ಹೊಲಿಗೆಗಳು. ಹೊಲಿಗೆಗಳು ಕೂಡುವ ಮೂಲೆಯ ತೆರಪೇ ನೆತ್ತಿ. ಹೆರಿಗೆಯ ಸಮಯದಲ್ಲಿ ಫಲಕಗಳು ತುಸು ಒಂದರ ಮೇಲೊಂದು ಸರಿದು ತಲೆ ಹೊರಬರಲು ಅನುವು ಮಾಡಿಕೊಡುತ್ತವೆ. ಆದರೆ ಹೊಲಿಗೆಗಳ ಮುಖ್ಯ ಕೆಲಸ ಆಮೇಲಿನದು. ಒಳಗೆ ಮೆದುಳು ಹಿಗ್ಗಿದಂತೆಲ್ಲ ಅವುಗಳ ಅಂಚಿನಲ್ಲಿ ಹೊಸ ಮೂಳೆ ಬೆಳೆದು ಬುರುಡೆ ದೊಡ್ಡದಾಗುತ್ತದೆ.

ಈ ಹಿಗ್ಗುವಿಕೆಯ ವೇಗವನ್ನು ಅರಿತರೆ ಮಾತ್ರ ಅವಸರದ ಕಾರಣ ಅರ್ಥವಾದೀತು. ಭಾರತವೂ ಸೇರಿದಂತೆ 6 ದೇಶಗಳ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆಯು ಸಿದ್ಧಪಡಿಸಿದ ಮಾನದಂಡದ ಪ್ರಕಾರ ಗಂಡು ಶಿಶುವಿನ ತಲೆಯ ಸುತ್ತಳತೆ ಹುಟ್ಟಿದಾಗ ಸರಾಸರಿ 34.5 ಸೆಂಟಿಮೀಟರ್, ಒಂದು ವರ್ಷಕ್ಕೆ 46 ಸೆಂಟಿಮೀಟರ್. ಹೆಣ್ಣು ಶಿಶುವಿನದು ಇದಕ್ಕಿಂತ ತುಸು ಕಡಿಮೆ. ಎರಡನೆಯ ವರ್ಷದಲ್ಲಿ ಹೆಚ್ಚುವುದು ಕೇವಲ 2 ಸೆಂಟಿಮೀಟರಿನಷ್ಟು. ಅಂದರೆ ತಲೆಯ ಬೆಳವಣಿಗೆಯ ಬಹುಪಾಲು ಮೊದಲ 12 ತಿಂಗಳುಗಳಲ್ಲಿಯೇ ಮುಗಿದುಹೋಗುತ್ತದೆ. ಅಂಗನವಾಡಿಯಲ್ಲಿ ತೂಕ ನೋಡುವಾಗ ಒಂದು ಟೇಪಿನಿಂದ ತಲೆಯ ಸುತ್ತಳತೆಯನ್ನೂ ಅಳೆದು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ, ಮುಂದೆ ಯಾವ ಸ್ಕ್ಯಾನೂ ಕೊಡಲಾರದ ಮಾಹಿತಿ ಅದರಿಂದ ದೊರೆಯುತ್ತದೆ. ಒಂದು ದಿನದ ಚಿತ್ರ ಆ ದಿನದ ಸ್ಥಿತಿಯನ್ನಷ್ಟೇ ತೋರಿಸಬಲ್ಲದು. ತಿಂಗಳು ತಿಂಗಳಿನ ಅಳತೆಯಾದರೋ ಬೆಳವಣಿಗೆಯ ದಾರಿಯನ್ನೇ ತೋರಿಸುತ್ತದೆ.

ಒಂದು ಹೊಲಿಗೆ ಬೇಗ ಬೆಸೆದರೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಎಂಬವರು 1851ರಲ್ಲಿಯೇ ಸೂತ್ರರೂಪದಲ್ಲಿ ಹೇಳಿದ್ದರು. ಬೆಸೆದ ಹೊಲಿಗೆಗೆ ಅಡ್ಡಲಾಗಿ ಬುರುಡೆ ಬೆಳೆಯಲಾರದು; ಅದನ್ನು ಸರಿದೂಗಿಸಲು ಹೊಲಿಗೆಯುದ್ದಕ್ಕೆ ಹೆಚ್ಚಾಗಿ ಬೆಳೆಯುತ್ತದೆ. ನಡುಹೊಲಿಗೆ ಬೆಸೆದ ಮಗುವಿನ ತಲೆ ಅಗಲ ಕಡಿಮೆಯಾಗಿ ಉದ್ದವಾಗುತ್ತದೆ, ಮೇಲಿನಿಂದ ನೋಡಿದರೆ ದೋಣಿಯಂತೆ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಇದೇ, ಅದರಲ್ಲೂ ಗಂಡುಮಕ್ಕಳಲ್ಲಿ. ಹಣೆಯ ಹೊಲಿಗೆ ಬೆಸೆದರೆ ಹಣೆ ಮುಂದಕ್ಕೆ ಚೂಪಾಗಿ ತ್ರಿಕೋನವಾಗುತ್ತದೆ, ಕಣ್ಣುಗಳು ಹತ್ತಿರವಾದಂತೆ ತೋರುತ್ತವೆ. ಒಂದು ಕಡೆಯ ಕಿರೀಟ ಹೊಲಿಗೆ ಬೆಸೆದರೆ ಆ ಕಡೆಯ ಹಣೆ ಚಪ್ಪಟೆಯಾಗಿ ಕಣ್ಣಿನ ಗೂಡು ಮೇಲಕ್ಕೆ ಎಳೆದಂತಾಗುತ್ತದೆ. ನಡುಹೊಲಿಗೆ ಪೂರ್ತಿ ಬೆಸೆದಿದ್ದರೂ ನೆತ್ತಿ ತೆರೆದೇ ಇರಬಹುದು. ನೆತ್ತಿ ಬೇಗ ಮುಚ್ಚಿದ್ದರೂ ಹೊಲಿಗೆಗಳೆಲ್ಲ ಚೆನ್ನಾಗಿಯೇ ಇರಬಹುದು. ಆದ್ದರಿಂದ ನೆತ್ತಿಯೊಂದನ್ನೇ ನೋಡಿ ಧೈರ್ಯವನ್ನಾಗಲಿ ಭಯವನ್ನಾಗಲಿ ತಾಳಬಾರದು. ಹಣೆಯ ಹೊಲಿಗೆಯಂತೂ ಸಹಜವಾಗಿಯೇ 3ರಿಂದ 9 ತಿಂಗಳೊಳಗೆ ಕೂಡಿಕೊಳ್ಳುತ್ತದೆ. ಹಣೆಯ ಆಕಾರ ಸರಿಯಾಗಿದ್ದು ನಡುವೆ ಒಂದು ಸಣ್ಣ ಏಣು ಮಾತ್ರ ಕೈಗೆ ಸಿಕ್ಕರೆ ಅದು ರೋಗವಲ್ಲ.

ಮೂಳೆ ಮೊದಲೋ, ಮೆದುಳು ಮೊದಲೋ

ಬುರುಡೆ ಚಿಕ್ಕದಾಗಿದೆ, ಮಗು ಕಲಿಯುತ್ತಿಲ್ಲ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ಕಂಡಾಗ ಮನಸ್ಸು ತಕ್ಷಣ ಒಂದು ತೀರ್ಮಾನಕ್ಕೆ ಬರುತ್ತದೆ: ಬುರುಡೆ ಬೀಗ ಹಾಕಿದೆ, ಮೆದುಳು ಬೆಳೆಯಲಾಗಿಲ್ಲ. ಈ ತೀರ್ಮಾನ ಮನುಷ್ಯಸಹಜವಾದದ್ದು, ಮತ್ತು ಬಹಳ ಹಳೆಯದು. 1888ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ತಾಯಿ ಶಸ್ತ್ರವೈದ್ಯ ಲೇನ್ ಎಂಬವರಲ್ಲಿಗೆ ಪುಟ್ಟ ತಲೆಯ ಮಗುವನ್ನು ಕರೆತಂದು, ಇದರ ಮೆದುಳಿನ ಬೀಗ ತೆಗೆದು ಬೆಳೆಯಲು ಬಿಡಲಾಗದೇ ಎಂದು ಬೇಡಿಕೊಂಡಳು. ಅವರು ಬುರುಡೆಯ ಮೂಳೆಯನ್ನು ಸೀಳಿದರು. ಮಗು ಉಳಿಯಲಿಲ್ಲ. 1890ರಲ್ಲಿ ಪ್ಯಾರಿಸಿನ ಲಾನ್‌ಲಾಂಗ್ ಎಂಬ ಶಸ್ತ್ರವೈದ್ಯರು ಇದೇ ಬಗೆಯ ಚಿಕಿತ್ಸೆಯನ್ನು ಪ್ರಕಟಿಸಿದರು. ಅನಂತರ ಯೂರೋಪು, ಅಮೆರಿಕೆಗಳಲ್ಲಿ ಅನೇಕ ಬುದ್ಧಿಮಾಂದ್ಯ ಮಕ್ಕಳ ಬುರುಡೆಗಳನ್ನು ಸೀಳಲಾಯಿತು. 1894ರಲ್ಲಿ ರೋಮ್ ನಗರದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಅಬ್ರಹಾಂ ಜಾಕೋಬಿ ಎದ್ದುನಿಂತು ಇದನ್ನು ಕಟುವಾಗಿ ಖಂಡಿಸಿದರು. ಅವರು ಲೆಕ್ಕಕ್ಕೆ ತೆಗೆದುಕೊಂಡ 33 ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ತೀರಿಕೊಂಡಿದ್ದರು. ಅವರ ಭಾಷಣದ ಶೀರ್ಷಿಕೆಯೇ "ಕೇಡು ಮಾಡಬೇಡ" ಎಂಬರ್ಥದ ಲ್ಯಾಟಿನ್ ನುಡಿ.

ಶಸ್ತ್ರಕ್ರಿಯೆಯ ಒರಟುತನವೊಂದೇ ಆ ಮಕ್ಕಳ ಸಾವಿಗೆ ಕಾರಣವಲ್ಲ. ಅವರಲ್ಲಿ ಬಹುಮಂದಿಗೆ ಇದ್ದುದು ಬುರುಡೆಯ ದೋಷವೇ ಆಗಿರಲಿಲ್ಲ. ಮೆದುಳೇ ಮೂಲತಃ ಬೆಳೆದಿರಲಿಲ್ಲ. ಒಳಗಿನಿಂದ ಹಿಗ್ಗಿಸುವ ಬಲವಿಲ್ಲದ್ದರಿಂದ ಬುರುಡೆ ಚಿಕ್ಕದಾಗಿಯೇ ಉಳಿದಿತ್ತು. ಇಂಥ ಮಕ್ಕಳಲ್ಲಿ ಹೊಲಿಗೆಗಳೂ ಬೇಗ ಕೂಡಬಹುದು, ಆದರೆ ಅದು ಕಾರಣವಲ್ಲ, ಪರಿಣಾಮ. ಅಂಥಲ್ಲಿ ಬುರುಡೆಯನ್ನು ತೆರೆದು ಜಾಗ ಮಾಡಿಕೊಟ್ಟರೂ ಅದನ್ನು ತುಂಬಲು ಬೆಳೆಯುವ ಮೆದುಳು ಇರುವುದಿಲ್ಲ. ಆ ಕಾಲದ ವೈದ್ಯರಿಗೆ ಬದುಕಿರುವ ಮಗುವಿನ ತಲೆಯೊಳಗೆ ಇಣುಕಲು ಯಾವ ಉಪಾಯವೂ ಇರಲಿಲ್ಲ. ಕ್ಷಕಿರಣಗಳು ಕೂಡ ಬೆಳಕಿಗೆ ಬಂದದ್ದು ಜಾಕೋಬಿಯವರ ಭಾಷಣದ ಮರುವರ್ಷ, 1895ರಲ್ಲಿ. ಇಂದು ನಮಗೆ ಆ ಉಪಾಯವಿದೆ. ಮೂಳೆಯು ಮೆದುಳನ್ನು ಕಟ್ಟಿಹಾಕಿದೆಯೋ, ಮೆದುಳೇ ಬೇರೆ ರೀತಿಯಲ್ಲಿ ರೂಪುಗೊಂಡಿದೆಯೋ, ಅಥವಾ ಎರಡೂ ತಮ್ಮ ತಮ್ಮ ಪಾಡಿಗೆ ನಡೆದಿವೆಯೋ ಎಂಬುದನ್ನು ಬೇರ್ಪಡಿಸುವುದೇ ಮೆದುಳಿನ ಚಿತ್ರಣದ ನಿಜವಾದ ಉಪಯೋಗ. ವೈದ್ಯರು ಸ್ಕ್ಯಾನ್ ಬರೆದುಕೊಟ್ಟಾಗ "ಇದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ?" ಎಂದು ವಿನಯದಿಂದ ಕೇಳುವುದು ತಪ್ಪಲ್ಲ. ಕೇಳಬೇಕಾದದ್ದೇ.

ಯಾವ ಚಿತ್ರ, ಯಾವಾಗ

ಮೊದಲ ಪರೀಕ್ಷೆ ಕಣ್ಣು ಮತ್ತು ಕೈಯದು. ಅನುಭವವಿರುವ ವೈದ್ಯರು ತಲೆಯನ್ನು ಮೇಲಿನಿಂದ ನೋಡಿ, ಏಣುಗಳನ್ನು ಮುಟ್ಟಿ, ಕಿವಿಗಳ ಸ್ಥಾನವನ್ನು ಹೋಲಿಸಿ ಬಹಳಷ್ಟನ್ನು ಹೇಳಬಲ್ಲರು. ಇಂದು ತಲೆ ಒಂದು ಕಡೆ ಚಪ್ಪಟೆಯಾಗಿರುವ ಬಹುಪಾಲು ಶಿಶುಗಳಿಗೆ ಇರುವುದು ಹೊಲಿಗೆಯ ದೋಷವಲ್ಲ, ಒಂದೇ ಮಗ್ಗುಲಿಗೆ ಮಲಗಿಸಿದ್ದರ ಫಲ. ಅಂಥ ಮಗುವಿನ ಹಿಂದಲೆ ಚಪ್ಪಟೆಯಾದ ಕಡೆಯ ಕಿವಿ ಮುಂದಕ್ಕೆ ಸರಿದಿರುತ್ತದೆ. ಹಿಂಬದಿಯ ಹೊಲಿಗೆ ನಿಜವಾಗಿ ಬೆಸೆದಿದ್ದರೆ ಕಿವಿ ಹಿಂದಕ್ಕೋ ಕೆಳಕ್ಕೋ ಜಗ್ಗಿದಂತಿದ್ದು ಅದರ ಹಿಂದಿನ ಮೂಳೆ ಉಬ್ಬಿರುತ್ತದೆ. ಮಲಗಿಸಿದ ಭಂಗಿಯಿಂದಾದ ಚಪ್ಪಟೆತನಕ್ಕೆ ಸ್ಕ್ಯಾನ್ ಬೇಡ. ಎಚ್ಚರವಿರುವಾಗ ಹತ್ತಿರ ಕುಳಿತು ಮಗುವನ್ನು ಬೋರಲು ಮಲಗಿಸಿ ಆಡಿಸುವುದು, ತೊಟ್ಟಿಲಿನಲ್ಲಿ ತಲೆಯ ದಿಕ್ಕನ್ನು ಬದಲಿಸುವುದು ಸಾಕು. ನಿದ್ದೆಗೆ ಮಾತ್ರ ಅಂಗಾತವೇ ಕ್ಷೇಮ. ಎರೆಯುವಾಗ ತಲೆಯನ್ನು ಒತ್ತಿ ಒತ್ತಿ ದುಂಡಗೆ ಮಾಡಲು ಹೋಗುವುದು ಬೇಡ. ಹೊಲಿಗೆ ಬೆಸೆದಿದ್ದರೆ ಯಾವ ಒತ್ತಡಕ್ಕೂ ಅದು ಬಗ್ಗದು. ಬೆಸೆದಿಲ್ಲವಾದರೆ ಒತ್ತಡದ ಅಗತ್ಯವೇ ಇಲ್ಲ.

ಸಂಶಯ ಉಳಿದಾಗ ಕೆಲವು ತಿಂಗಳ ಶಿಶುವಿಗೆ ಹೊಲಿಗೆಗಳ ಅಲ್ಟ್ರಾಸೌಂಡ್ ಮಾಡಬಹುದು. ಅದರಲ್ಲಿ ವಿಕಿರಣವಿಲ್ಲ, ನಿದ್ದೆಯ ಔಷಧವೂ ಬೇಡ. ಆದರೆ ಅದನ್ನು ಓದಬಲ್ಲ ಪರಿಣತರು ಎಲ್ಲೆಡೆ ಇರುವುದಿಲ್ಲ. ಸಾಮಾನ್ಯ ಎಕ್ಸ್-ರೇಯಲ್ಲಿ ಹೊಲಿಗೆಯ ಗೆರೆ ಮಾಯವಾಗಿರುವುದು ಕಾಣಬಹುದು. ಬಹಳ ದಿನ ಒಳಗೆ ಒತ್ತಡವಿದ್ದರೆ, ಕಂಚುಗಾರರು ಬಡಿದ ತಾಮ್ರದ ಹಂಡೆಯ ಮೈಮೇಲಿನ ತಗ್ಗುಗಳಂತಹ ಗುರುತುಗಳು ಬುರುಡೆಯ ಒಳಮೈಯಲ್ಲಿ ಮೂಡುತ್ತವೆ. ಇಂಗ್ಲಿಷಿನಲ್ಲಿಯೂ ಇದನ್ನು ಬಡಿದ ತಾಮ್ರದ ಬುರುಡೆಯೆಂದೇ ಕರೆಯುತ್ತಾರೆ. ಆದರೆ ಆರೋಗ್ಯವಂತ ಮಕ್ಕಳಲ್ಲಿಯೂ ಇಂಥ ಗುರುತುಗಳು ಅಲ್ಪಸ್ವಲ್ಪ ಇರುವುದುಂಟು. ವರದಿಯಲ್ಲಿ ಆ ಪದ ಕಂಡಮಾತ್ರಕ್ಕೆ ಎದೆಗುಂದಬೇಕಾಗಿಲ್ಲ.

ಮೂಳೆಯ ವಿಷಯದಲ್ಲಿ ಕೊನೆಯ ಮಾತು ಸಿ.ಟಿ. ಸ್ಕ್ಯಾನಿನದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಇಂಥ ಚಿತ್ರ ತೆಗೆಯಲಾಯಿತು. ಈಗಿನ ಯಂತ್ರಗಳು ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸಿ, ಬುರುಡೆಯನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ನೋಡುವಂತೆ ಕಟ್ಟಿಕೊಡುತ್ತವೆ. ಹಾಲು ಕುಡಿಸಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಎಷ್ಟೋ ಶಿಶುಗಳಿಗೆ ಔಷಧವೇ ಬೇಕಾಗುವುದಿಲ್ಲ. ಸಿ.ಟಿ.ಯ ಕುಂದು ಅದರ ವಿಕಿರಣ. ಒಂದು ಸಾಮಾನ್ಯ ತಲೆಯ ಸಿ.ಟಿ.ಯಿಂದ ದೇಹಕ್ಕೆ ತಗಲುವುದು, ನಾವೆಲ್ಲ ನೆಲ, ಗಾಳಿ, ಆಕಾಶಗಳಿಂದ ಒಂದು ವರ್ಷದಲ್ಲಿ ಸಹಜವಾಗಿ ಪಡೆಯುವ ವಿಕಿರಣಕ್ಕೆ ಹೆಚ್ಚುಕಡಿಮೆ ಸಮ. ಬ್ರಿಟನ್ನಿನಲ್ಲಿ ಸಿ.ಟಿ. ಮಾಡಿಸಿಕೊಂಡ ಸುಮಾರು 1.8 ಲಕ್ಷ ಮಕ್ಕಳು ಮತ್ತು ತರುಣರನ್ನು ಅಭ್ಯಸಿಸಿ 2012ರಲ್ಲಿ ಪ್ರಕಟವಾದ ವರದಿಯ ಅಂದಾಜಿನಂತೆ, 10 ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿ.ಟಿ. ಮಾಡಿದರೆ ಮುಂದಿನ 10 ವರ್ಷಗಳಲ್ಲಿ ರಕ್ತದ ಕ್ಯಾನ್ಸರಿನ ಒಂದು, ಮೆದುಳು ಗಡ್ಡೆಯ ಒಂದು ಪ್ರಕರಣ ಹೆಚ್ಚಾಗಿ ಉಂಟಾಗಬಹುದು. ಅಪಾಯ ಸಣ್ಣದು, ಆದರೆ ಶೂನ್ಯವಲ್ಲ. ಅಗತ್ಯವಿರುವ ಮಗುವಿಗೆ ಒಂದು ಸಿ.ಟಿ. ತಪ್ಪಿಸಬಾರದು, ಊರೂರಿನ ವೈದ್ಯರನ್ನು ಕಂಡು ಕಂಡಲ್ಲೆಲ್ಲ ಹೊಸದಾಗಿ ಮಾಡಿಸುತ್ತ ಹೋಗಲೂಬಾರದು. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ.ಗಳನ್ನು ಜೋಪಾನವಾಗಿಟ್ಟು ಪ್ರತಿಸಲವೂ ಒಯ್ಯುವುದು ಮಗುವಿಗೆ ನಾವು ಕೊಡಬಹುದಾದ ದೊಡ್ಡ ರಕ್ಷಣೆ.

ಮೆದುಳಿನ ರಚನೆಯನ್ನು ತಿಳಿಯಬೇಕಾದಾಗ ಎಂ.ಆರ್.ಐ. ಬೇಕಾಗುತ್ತದೆ. ಅದು ಪ್ರಬಲ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುತ್ತದೆ, ಕ್ಷಕಿರಣವಿಲ್ಲ. ಮೂಳೆಯನ್ನು ಅದು ಸ್ಪಷ್ಟವಾಗಿ ತೋರಿಸುವುದಿಲ್ಲವಾದರೂ ಮೆದುಳಿನ ಎಡಬಲಗಳನ್ನು ಬೆಸೆಯುವ ನರಸೇತುವೆ, ಮೆದುಳಿನೊಳಗಿನ ನೀರಿನ ಕೋಣೆಗಳು, ಕಿರುಮೆದುಳು, ರಕ್ತನಾಳಗಳು ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆಯುವುದಕ್ಕೆ ಒಂದು ಕ್ರಮವಿದೆ. ಹುಟ್ಟಿದಾಗ ಅಲ್ಲಲ್ಲಿ ಮಾತ್ರ ಇರುವ ಈ ಹೊದಿಕೆ ಸುಮಾರು 2 ವರ್ಷದ ವೇಳೆಗೆ ಚಿತ್ರದಲ್ಲಿ ಹೆಚ್ಚುಕಡಿಮೆ ದೊಡ್ಡವರ ಮೆದುಳಿನಂತೆ ಕಾಣುತ್ತದೆ. ವಯಸ್ಸಿಗೆ ತಕ್ಕಷ್ಟು ಹೊದಿಕೆ ಬಂದಿಲ್ಲವಾದರೆ ಬೆಳವಣಿಗೆಯ ವಿಳಂಬಕ್ಕೆ ಅದೊಂದು ಸುಳಿವು. ಹೆರಿಗೆಯ ವೇಳೆ ಉಸಿರು ಕಟ್ಟಿದ್ದರಿಂದ ಮೆದುಳಿಗೆ ಪೆಟ್ಟಾಗಿದ್ದರೆ ಅದರ ಗುರುತೂ ಇಲ್ಲಿ ಸಿಗುತ್ತದೆ. ಬುರುಡೆ ಬೆಸೆದಿರುವ ಮಗುವಿಗೆ ಉಸಿರು ಕಟ್ಟಿದ ಇತಿಹಾಸವೂ ಇರಬಾರದೆಂಬ ನಿಯಮವೇನಿಲ್ಲವಲ್ಲ! ಕಣ್ಣಿಗೆ ಕಾಣುವ ತಲೆಯ ಆಕಾರದ ಮೇಲೆ ಎಲ್ಲ ಹೊಣೆಯನ್ನು ಹೊರಿಸಿ, ಥೈರಾಯ್ಡ್ ಕೊರತೆಯಂತಹ ಚಿಕಿತ್ಸೆಗೆ ಸುಲಭವಾಗಿ ಬಗ್ಗುವ ಕಾರಣವನ್ನು ಮರೆತರೆ ಮಗುವಿಗೆ ಅನ್ಯಾಯವಾಗುತ್ತದೆ.

ಕಾಣುವುದು, ಕಾಣದಿರುವುದು

ಒಂದೇ ಹೊಲಿಗೆ ಬೆಸೆದಿದ್ದು ಬೇರೆ ಯಾವ ಅಂಗದೋಷವೂ ಇಲ್ಲದ ಮಕ್ಕಳಲ್ಲಿ ಎಂ.ಆರ್.ಐ. ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಮೆದುಳು ಬುರುಡೆಯ ಆಕಾರವನ್ನು ಅನುಸರಿಸಿ ತುಸು ಉದ್ದವೋ ಓರೆಯೋ ಆಗಿರಬಹುದು, ಹಣೆಯ ಹಿಂದೆ ಮೆದುಳಿನ ಸುತ್ತಲಿನ ನೀರು ಕೊಂಚ ಹೆಚ್ಚಿರಬಹುದು. ಇಂಥ ಮಕ್ಕಳಲ್ಲಿ ಬಹುಮಂದಿ ಎಲ್ಲರಂತೆ ಶಾಲೆಗೆ ಹೋಗಿ ಕಲಿಯುತ್ತಾರೆ. ಗುಂಪಾಗಿ ಅಳೆದಾಗ ಅವರ ಮಾತು, ಕಲಿಕೆಗಳ ಸರಾಸರಿ ಇತರ ಮಕ್ಕಳಿಗಿಂತ ತುಸು ಕೆಳಗಿರುವುದು ಕಂಡುಬಂದಿದೆ, ಆದ್ದರಿಂದ ಶಾಲೆಯ ಮೊದಲ ವರ್ಷಗಳಲ್ಲಿ ಗಮನ ಬೇಕು, ಅಷ್ಟೇ. ಒಂದೇ ಹೊಲಿಗೆ ಬೆಸೆದ ಮಗುವಿನಲ್ಲಿ ವಿಳಂಬ ತೀವ್ರವಾಗಿದ್ದರೆ ಅದಕ್ಕೆ ಹೊಲಿಗೆಯನ್ನು ಮಾತ್ರ ದೂರುವುದು ಸಾಲದು, ಎಂ.ಆರ್.ಐ. ಮತ್ತು ಜೀನ್ ಪರೀಕ್ಷೆಗಳು ಬೇಕಾಗುವುದು ಮುಖ್ಯವಾಗಿ ಅಲ್ಲಿಯೇ.

ಹಲವು ಹೊಲಿಗೆಗಳು ಬೆಸೆದು ಮುಖ, ಕೈಕಾಲುಗಳಲ್ಲಿಯೂ ವ್ಯತ್ಯಾಸವಿರುವ ಮಕ್ಕಳ ಮಾತು ಬೇರೆ. ಫ್ರಾನ್ಸಿನ ವೈದ್ಯ ಏಪರ್ 1906ರಲ್ಲಿ ವಿವರಿಸಿದ ರೋಗದಲ್ಲಿ ಕೈಕಾಲಿನ ಬೆರಳುಗಳೂ ಕೂಡಿಕೊಂಡಿರುತ್ತವೆ. 1912ರಲ್ಲಿ ಕ್ರೂಜೋನ್ ಅವರು ವಿವರಿಸಿದ ರೋಗದಲ್ಲಿ ಕಣ್ಣುಗಳು ಹೊರಚಾಚಿ ನಡುಮುಖ ಒಳಗಿರುತ್ತದೆ. ಏಪರ್ ರೋಗದಲ್ಲಿ ನರಸೇತುವೆ ತೆಳುವಾಗಿರುವುದು ಅಥವಾ ಅಪೂರ್ಣವಾಗಿರುವುದು ಎಂ.ಆರ್.ಐ.ಯಲ್ಲಿ ಕಾಣಬಹುದು. ಇಂಥಲ್ಲಿ ಮೆದುಳಿನ ರಚನೆಯೇ ಭಿನ್ನ. ಬುರುಡೆಯ ಶಸ್ತ್ರಕ್ರಿಯೆ ಒತ್ತಡವನ್ನು ತಗ್ಗಿಸೀತು, ರಚನೆಯನ್ನು ಬದಲಿಸದು. ಕ್ರೂಜೋನ್ ರೋಗದ ಮಕ್ಕಳಲ್ಲಿ ಬುದ್ಧಿಶಕ್ತಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಆದರೆ ಕಿರುಮೆದುಳಿನ ಕೆಳತುದಿ ಕತ್ತಿನತ್ತ ಜಾರುವುದು, ನೀರಿನ ಕೋಣೆಗಳು ಹಿಗ್ಗುವುದು ಹೆಚ್ಚು. ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ದಾರಿ ಬುರುಡೆಯ ತಳದಲ್ಲಿ ಕಿರಿದಾಗಿ, ರಕ್ತ ಹಿಂದಲೆಯ ಮೂಳೆಯನ್ನು ತೂರಿ ಬೇರೆ ಸಿರೆಗಳಲ್ಲಿ ಹರಿಯುತ್ತಿರುವುದೂ ಉಂಟು. ಇದು ಗೊತ್ತಿಲ್ಲದೆ ಆ ಜಾಗದಲ್ಲಿ ಕತ್ತರಿಯಿಟ್ಟರೆ ರಕ್ತಸ್ರಾವ ನಿಲ್ಲದು. ಶಸ್ತ್ರಕ್ರಿಯೆಗೆ ಮುಂಚೆ ಸಿರೆಗಳ ಚಿತ್ರವನ್ನೂ ವೈದ್ಯರು ಕೇಳಿದರೆ ಅದು ಅನಗತ್ಯ ವೆಚ್ಚವೆಂದು ತಿಳಿಯಬಾರದು.

ಈ ರೋಗಗಳಿಗೆ ಕಾರಣವಾದ ಜೀನ್ ಬದಲಾವಣೆ ಬಹಳ ಸಲ ಆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದ್ದು. ಏಪರ್ ರೋಗದಲ್ಲಿ ಅದು ತಂದೆಯ ವೀರ್ಯಾಣುವಿನಲ್ಲಿ ಮೂಡುವುದೆಂದೂ, ತಂದೆಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುವುದೆಂದೂ ಸಿದ್ಧವಾಗಿದೆ. ತಾಯಿ ಗ್ರಹಣದ ದಿನ ಹೊರಗೆ ಬಂದಳು, ಬಸಿರಿನಲ್ಲಿ ಏನನ್ನೋ ತಿಂದಳು ಎಂದು ಅತ್ತೆಮನೆಯವರು ದೂರುವುದನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಇದಕ್ಕೆ ಯಾವ ಆಧಾರವೂ ಇಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾದವಳ ಮೇಲೆ ಇಲ್ಲದ ಅಪರಾಧವನ್ನು ಹೊರಿಸಿದರೆ ಅವಳು ಕುಸಿಯುತ್ತಾಳೆ, ಚಿಕಿತ್ಸೆ ನಿಂತುಹೋಗುತ್ತದೆ.

ಚಿತ್ರದಲ್ಲಿ ಕಾಣದಿರುವ ಮುಖ್ಯ ಸಂಗತಿಯೆಂದರೆ ಒತ್ತಡ. 1982ರಲ್ಲಿ ಪ್ಯಾರಿಸಿನ ರೆನಿಯೇ ಮತ್ತು ಸಂಗಡಿಗರು ಇಂಥ ಮಕ್ಕಳ ತಲೆಯೊಳಗಿನ ಒತ್ತಡವನ್ನು ನೇರವಾಗಿ ಅಳೆದು ಪ್ರಕಟಿಸಿದರು. ಒಂದೇ ಹೊಲಿಗೆ ಬೆಸೆದವರಲ್ಲಿ ನೂರಕ್ಕೆ ಸುಮಾರು 14, ಹಲವು ಹೊಲಿಗೆ ಬೆಸೆದವರಲ್ಲಿ ನೂರಕ್ಕೆ ಸುಮಾರು 47 ಮಕ್ಕಳಲ್ಲಿ ಒತ್ತಡ ಹೆಚ್ಚಾಗಿತ್ತು. ನೀರಿನ ಕೋಣೆಗಳು ಹಿಗ್ಗದೆಯೂ, ವಾಂತಿ ತಲೆನೋವುಗಳಿಲ್ಲದೆಯೂ ಒತ್ತಡ ಏರಿರಬಹುದು. ಸ್ಕ್ಯಾನ್ ಸರಿಯಾಗಿದೆ ಎಂಬ ಮಾತಿನಿಂದ ಒತ್ತಡವಿಲ್ಲವೆಂದು ಸಿದ್ಧವಾಗದು. ಏರಿದ ಒತ್ತಡ ಸದ್ದಿಲ್ಲದೆ ಕಣ್ಣಿನ ನರವನ್ನು ಹಾಳುಮಾಡುತ್ತದೆ. ಅದಕ್ಕಾಗಿ ನೇತ್ರವೈದ್ಯರು ಪಾಪೆಯನ್ನು ಹಿಗ್ಗಿಸಿ ಕಣ್ಣಿನ ಹಿಂಭಾಗವನ್ನು ನೋಡುವ ಸರಳ ಪರೀಕ್ಷೆ ಪ್ರತಿ ಮಗುವಿಗೂ ಆಗಬೇಕು, ಶಸ್ತ್ರಕ್ರಿಯೆಯ ಅನಂತರವೂ ವರ್ಷಗಟ್ಟಲೆ ಆಗುತ್ತಿರಬೇಕು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಸ್ಕ್ಯಾನಿಗಿಂತ ಇದು ಹೆಚ್ಚು ಮುಖ್ಯ. ಹೆಚ್ಚು ಮರೆತುಹೋಗುವುದೂ ಇದೇ. ಗೊರಕೆ, ನಿದ್ದೆಯಲ್ಲಿ ಉಸಿರು ತಡೆಯುವಿಕೆ, ಕಿವಿ ಮಂದವಾಗಿರುವುದು ಇವನ್ನೂ ನೋಡಬೇಕು. ಕೇಳಿಸದ ಮಗು ಮಾತು ಕಲಿಯಲಾರದು, ಅದರ ಎಂ.ಆರ್.ಐ. ಎಷ್ಟೇ ಚೆನ್ನಾಗಿದ್ದರೂ.

ಕಾಲದ ಲೆಕ್ಕ ಹೀಗಿದೆ. ದುರ್ಬೀನಿನ ನೆರವಿನಿಂದ ಸಣ್ಣ ಗಾಯದ ಮೂಲಕ ಬೆಸೆದ ಹೊಲಿಗೆಯನ್ನು ತೆಗೆಯುವ ವಿಧಾನ ಸಾಮಾನ್ಯವಾಗಿ 3ರಿಂದ 6 ತಿಂಗಳ ಮಕ್ಕಳಿಗೆ ಸಲ್ಲುತ್ತದೆ; ಆಮೇಲೆ ಕೆಲವು ತಿಂಗಳು ತಲೆಗೆ ಹೆಲ್ಮೆಟ್ ತೊಡಿಸಬೇಕು. ಬುರುಡೆಯನ್ನು ತೆರೆದು ಮರುರೂಪಿಸುವ ದೊಡ್ಡ ಶಸ್ತ್ರಕ್ರಿಯೆಯನ್ನು ಹೆಚ್ಚಾಗಿ 6ರಿಂದ 12 ತಿಂಗಳೊಳಗೆ ಮಾಡುತ್ತಾರೆ. ಆದ್ದರಿಂದ ತಲೆಯ ಆಕಾರದಲ್ಲಿ ಸಂದೇಹ ಬಂದರೆ ಜವಳದವರೆಗೆ ನೋಡೋಣ, ವರ್ಷ ತುಂಬಲಿ ಎಂದು ಕಾಯಬಾರದು. ಮೂರನೆಯ ತಿಂಗಳ ಲಸಿಕೆಯ ವೇಳೆಗೆ ಮಕ್ಕಳ ವೈದ್ಯರಿಗೆ ತೋರಿಸಿದರೆ ಎಲ್ಲ ದಾರಿಗಳೂ ತೆರೆದಿರುತ್ತವೆ.

ವಿಳಂಬಕ್ಕೆ ನೆರವು ಕೊಡಲು ಮಾತ್ರ ಯಾವ ಸ್ಕ್ಯಾನಿಗೂ ಕಾಯಬೇಕಾಗಿಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಕಾರಣ ಏನೇ ಇರಲಿ ವ್ಯಾಯಾಮ, ಮಾತು, ಆಟಗಳ ತರಬೇತಿ ಅಂದೇ ಆರಂಭವಾಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಿಗಾಗಿದ್ದು, ಹುಟ್ಟಿನ ದೋಷ ಮತ್ತು ಬೆಳವಣಿಗೆಯ ವಿಳಂಬ ಇವೆರಡೂ ಅದರ ವ್ಯಾಪ್ತಿಯಲ್ಲಿವೆ. ಅದರ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಪ್ರವೇಶ ಕೇಂದ್ರಗಳನ್ನು ಸ್ಥಾಪಿಸಲಾಗಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ಅಲ್ಲಿಗೆ ಹೋಗಬಹುದು. ದೊಡ್ಡ ಪರೀಕ್ಷೆಗಳು ಬೇಕಾದಾಗ ಬೆಂಗಳೂರಿನ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಿವೆ.

ಎಂ.ಆರ್.ಐ.ಗೆ ಹೊರಡುವವರಿಗೆ ಕೆಲವು ಸೂಚನೆಗಳು. ಪರೀಕ್ಷೆ ಅರ್ಧ ಗಂಟೆಗೂ ಮಿಕ್ಕಿ ನಡೆಯುತ್ತದೆ, ಯಂತ್ರದ ಸದ್ದು ದೊಡ್ಡದು, ಮಗು ಅಲುಗಾಡಬಾರದು. ಆದ್ದರಿಂದ ನಿದ್ದೆ ಅಥವಾ ಅರಿವಳಿಕೆ ಔಷಧ ಕೊಡಬೇಕಾಗುತ್ತದೆ. ಅದಕ್ಕೆ ಮುಂಚೆ ಸಾಮಾನ್ಯವಾಗಿ ಎದೆಹಾಲನ್ನು 4 ಗಂಟೆ, ಇತರ ಹಾಲನ್ನು 6 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮಗು ಅಳುತ್ತದೆಂದು ಅಜ್ಜಿ ಕಾಣದಂತೆ ಎರಡು ಚಮಚ ಹಾಲು ಹಾಕಿದರೆ, ಔಷಧದ ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ಬಂದೀತು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಬೇಕು; ಪರೀಕ್ಷೆ ನಾಳೆಗೆ ಹೋದರೆ ನಷ್ಟವಿಲ್ಲ. ಉಡಿದಾರ, ಕಾಲ್ಗಡಗ, ಬಳೆ, ತಾಯಿತ, ಪಿನ್ನು ಯಾವುದೂ ಮಗುವಿನ ಮೇಲಾಗಲಿ ಜೊತೆಗೆ ಒಳಹೋಗುವವರ ಮೇಲಾಗಲಿ ಇರಬಾರದು. ಬೆಳ್ಳಿಯ ಕರಡಿಗೆಯೂ ಲೋಹವೇ. ಇಷ್ಟಲಿಂಗವನ್ನು ದೇಹದಿಂದ ಅಗಲಿಸಲು ಭಕ್ತರ ಮನಸ್ಸು ಹಿಂಜರಿಯುವುದು ನಮಗೆ ತಿಳಿದಿದೆ. ಆದರೆ ಬಾಗಿಲಿನಲ್ಲಿ ನಿಂತು ಚರ್ಚಿಸುವುದಕ್ಕಿಂತ, ಪರೀಕ್ಷೆ ಮುಗಿಯುವವರೆಗೆ ಹೊರಗಿರುವ ಹಿರಿಯರೊಬ್ಬರು ಮಡಿವಸ್ತ್ರದಲ್ಲಿ ಅದನ್ನು ಇಟ್ಟುಕೊಳ್ಳುವರೆಂದು ಮನೆಯಿಂದ ಹೊರಡುವಾಗಲೇ ಗೊತ್ತುಮಾಡಿಕೊಳ್ಳುವುದು ಒಳಿತು. ಮಗುವಿನ ದೇಹದಲ್ಲಿ ಹಿಂದಿನ ಶಸ್ತ್ರಕ್ರಿಯೆಯ ತಗಡು, ತಿರುಪು, ನೀರಿಳಿಸುವ ನಳಿಕೆ ಇದ್ದರೆ ಅದರ ಕಾಗದಪತ್ರಗಳನ್ನು ಮೊದಲೇ ತೋರಿಸಬೇಕು. ತಾಯಿ ಕಾರ್ಡು, ಹೆರಿಗೆಯ ಬಿಡುಗಡೆ ಪತ್ರ, ಹಳೆಯ ಚಿತ್ರಗಳು, ಮಗುವಿನ ತಲೆಯನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ತೆಗೆದ ತಿಂಗಳುವಾರು ಮೊಬೈಲ್ ಫೋಟೋಗಳು ಇವೆಲ್ಲ ಒಂದು ಚೀಲದಲ್ಲಿರಲಿ. ವರದಿ ಕೈಗೆ ಬಂದಾಗ ಅದನ್ನು ಅಂತರ್ಜಾಲದಲ್ಲಿ ಹುಡುಕಿ ಹೆದರುವ ಬದಲು, ಮಗುವನ್ನು ಮುಟ್ಟಿ ನೋಡಿದ ವೈದ್ಯರ ಬಳಿಗೇ ಒಯ್ದು ಓದಿಸಬೇಕು.